ಎರಡನೆಯ ಬ್ರೇಕು

ಮಗಳು ಹಾಲು ಕುಡಿದಿರುತ್ತಾಳೋ ಇಲ್ಲವೋ? ಹುಬ್ಬಳ್ಳಿಯ ಬೆಂಗೇರಿಯ ಮನೆಯಿಂದ ವಿದ್ಯಾ ಹೊತ್ತು ತಂದ ಈ ಚಿಂತೆ ರೈಲಿನಲ್ಲಿ ಇಳಿದುಹೋಗಲಿಲ್ಲ, ನೇಪಾಳದ ಗಡಿಯಲ್ಲೂ ಯಾರೂ ಅದನ್ನು ತಡೆದು ನಿಲ್ಲಿಸಲಿಲ್ಲ. ಅಲ್ಲಿ ಹಿಡಿದ ಬಾಡಿಗೆ ಕಾರಿನಲ್ಲಿ ಅದು ಅವಳ ಮಗ್ಗುಲಲ್ಲೇ ಕೂತಿತ್ತು.

ಸ್ಟೇರಿಂಗ್ ಹಿಡಿದವಳು ಉಜ್ಮಾ, ಶಾಲೆಯ ಗೆಳತಿ. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಬಡೇಸಾಬರ ಮಗಳು. ಅಪ್ಪನ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಎಂಜಿನ್‌ಗಳ ನಡುವೆ ಕೂತು ಓದಿಕೊಂಡವಳು, ಹದಿನೆಂಟು ತುಂಬುತ್ತಲೇ ಲೈಸೆನ್ಸ್ ತೆಗೆಸಿದವಳು, ಈಗ ಹೆಂಗಸರಿಗೆಂದೇ ಡ್ರೈವಿಂಗ್ ಕ್ಲಾಸ್ ನಡೆಸುತ್ತಾಳೆ. ಅವಳ ಕೈಯಲ್ಲಿ ಕಲಿತವರು ಇನ್ನೂರರ ಮೇಲಾದರು. ವಿದ್ಯಾಳೂ ಅವರಲ್ಲೊಬ್ಬಳು, ಆದರೆ ಕಾರನ್ನು ತರಕಾರಿ ಅಂಗಡಿಯಿಂದಾಚೆ ಒಯ್ದವಳಲ್ಲ.

ಗಡಿ ದಾಟಿದ ದಿನ ವಿದ್ಯಾ ಮನೆಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. ಸಂಜೆಗೆ ಉಜ್ಮಾ ಪಂಥ ಕಟ್ಟಿದಳು.

"ಪೋಖರಾ ಮುಟ್ಟೂತನಕ ಯಾರು ಮೊದಲ ಮನಿಗೆ ಫೋನ್ ಮಾಡ್ತಾರೋ, ಉಳದ ದಾರಿ ಅವರ ಗಾಡಿ ಹೊಡೀಬೇಕು. ಘಟ್ಟ, ತಿರುವು, ಎಲ್ಲಾ."

ಲುಂಬಿನಿ ನೋಡುವುದರಲ್ಲಿ ಒಂದು ದಿನ ಹೇಗೋ ಕಳೆಯಿತು. ಮರುದಿನ ಘಟ್ಟ ಹತ್ತಿದರು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಮೈಮೇಲೆ ಬರುವ ಲಾರಿ. ಫೋನಿಗೆ ಕೈಹಾಕಿದಾಗಲೆಲ್ಲ ವಿದ್ಯಾ ಆ ರಸ್ತೆ ನೋಡಿ ಕೈ ಹಿಂದೆಗೆಯುತ್ತಿದ್ದಳು.

ತಾನ್ಸೇನ್ ಎಂಬ ಊರಿನ ಹತ್ತಿರ ಮೊಮೊ ತಿನ್ನಲು ನಿಂತರು. ಹಿಂದಿನ ಲಾರಿಯವನು ಜಾಗ ಬಿಡಿರೆಂದು ಹಾರ್ನ್ ಒತ್ತಿದ.

"ಏ ವಿದ್ಯಾ, ಸ್ವಲ್ಪ ಮುಂದ ತಗೀ. ನನ್ನ ಕೈ ಎಂಜಲೈತಿ," ಎನ್ನುತ್ತ ಉಜ್ಮಾ ತಟ್ಟೆ ಸಮೇತ ಪಕ್ಕದ ಸೀಟಿಗೆ ಏರಿದಳು.

ವಿದ್ಯಾ ಸ್ಟೇರಿಂಗ್ ಹಿಡಿದಳು. ಕಾರು ಹತ್ತಡಿ ಸರಿದಿರಬೇಕು, ಅದೂ ತೆವಳುತ್ತ. ಅಷ್ಟರಲ್ಲಿ ಉಜ್ಮಾಳ ಬಲಗಾಲು ಖಾಲಿ ನೆಲವನ್ನು ದಬದಬ ಒದೆಯತೊಡಗಿತು. ಮೊಮೊ ತೊಡೆಯ ಮೇಲೆ ಮಗುಚಿಕೊಂಡವು.

"ಏನ ಮಾಡಾಕತ್ತೀ?"

"ಬ್ರೇಕ್! ನನ್ನ ಕಡೆ ಬ್ರೇಕ್ ಇಲ್ಲಬೇ!"

ಕಲಿಸುವ ಕಾರಿನಲ್ಲಿ ಟೀಚರ್ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಇನ್ನೂರು ಹೆಂಗಸರ ಪಕ್ಕದಲ್ಲಿ ರಾಣಿಯಂತೆ ಕೂತವಳು ಇಷ್ಟು ವರ್ಷ ಅದನ್ನು ನಂಬಿ ಕೂತಿದ್ದಳು!

"ಹಂಗಂದ್ರ, ನಾ ಗಾಡಿ ಹೊಡದ್ರ ನಿನಗ ಅಂಜಿಕಿ?"

"ನಿನಗ ಕಲಿಸಿದಾಕಿ ನಾನು. ನಿನ್ನ ಡ್ರೈವಿಂಗ್ ನನಗಲ್ಲದ ಯಾರಿಗೆ ಗೊತ್ತೈತಿ?"

"ಮತ್ತ ಪಂಥ ಯಾಕ ಕಟ್ಟಿದಿ?"

"ನೀ ಅಂಜಿ ಫೋನ್ ಮುಟ್ಟೂದಿಲ್ಲ ಅಂತ! ನಿನ್ನ ಮಗಳ ಹಾಲಿನ ವರದಿ ಕೇಳಿ ಕೇಳಿ ನನಗ ಚಹಾ ಸುದ್ದಾ ಸೇರವಲ್ದು."

ಊರು ಬಿಟ್ಟ ಮೇಲೆ ವಿದ್ಯಾ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿರುವುಗಳು ಅಲ್ಲೇ ಇದ್ದವು, ಅಂಜಿಕೆಯೂ ಇತ್ತು. ಆದರೆ ತನಗಿಂತ ಹೆಚ್ಚು ಅಂಜುವವಳು ಪಕ್ಕದಲ್ಲೇ ಇದ್ದಾಳಲ್ಲ! ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸೀಟು ಮುಂದೆ ಎಳೆದುಕೊಂಡು, ಬ್ಯಾಗಿನಿಂದ ಫೋನ್ ತೆಗೆದಳು.

"ಏ, ಏ! ಇಡ ಅದನ್ನ! ಸಂಜಿಗೆ ನಾನ ನಿಮ್ಮ ಅತ್ತ್ಯಾರಿಗೆ ಫೋನ್ ಮಾಡಿ ಎಲ್ಲಾ ಕೇಳ್ತೇನಿ, ಖರೇ!"

"ಬೆಲ್ಟ್ ಹಾಕ್ಕೋರಿ, ಟೀಚರ್."

ಆ ಕಡೆ ಅತ್ತೆ ಬೀರವ್ವ ಫೋನ್ ಎತ್ತಿದರು.

"ಅತ್ತ್ಯಾರ, ನಾನ್ರಿ. ಕೂಸು ಹೆಂಗೈತ್ರಿ?"

"ಛಲೋ ಐತಿ, ಆಡಾಕತ್ತೈತಿ. ಗಾಡಿ ಯಾರು ಹೊಡ್ಯಾಕತ್ತಾರ ಅಲ್ಲೆ?"

"ಇನ್ನ ಮುಂದ ನಾನ ಹೊಡ್ಯಾಕಿ ರೀ."



"ಅಯ್ಯ ಶಿವನ! ಉಜ್ಮಾಗ ಕೊಡ ಫೋನು, ಧೈರ್ಯಾ ಹೇಳ್ತೇನಿ."