ಅಗ್ಗದ ಸೈಕಲ್ಲಿನ ಮೇಲೆ ಹೊರಿಸಿದ್ದು

ಭಾಗ್ಯ, ಆ ದಿನ ನಿನ್ನ ಸೈಕಲ್ಲಿನ ಮುಂದಿನ ಚಕ್ರ ಕಳಚಿದ್ದು ಸೈಕಲ್ಲಿನ ದೋಷದಿಂದಲ್ಲ. ಚಕ್ರದ ಒಂದು ಕಡೆಯ ನಟ್ಟನ್ನು ನಾನು ಬಿಗಿ ಮಾಡಿರಲಿಲ್ಲ. ಅಷ್ಟೇ ಆಗಿದ್ದರೆ ಮರೆವು ಎಂದುಬಿಡಬಹುದಿತ್ತು. ಆದರೆ ನೀನು ಬೀಳುವ ಮೊದಲೇ ನನಗದು ನೆನಪಾಗಿತ್ತು. ನೆನಪಾದ ಮೇಲೂ ನಾನು ಕೂಗಲಿಲ್ಲ. ಆಮೇಲೆ, ಎಲ್ಲರೂ ನಿನ್ನ ಮಾವನ ಮೇಲೆ ತಪ್ಪು ಹೊರಿಸುವಾಗ—ಆಗಲೂ ಬಾಯಿ ಬಿಡಲಿಲ್ಲ.

ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಹೇಳುತ್ತೇನೆ. ಗೊತ್ತಿಲ್ಲದ್ದು ಅದರೊಳಗೇ ಇದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತರಗತಿ. ನೀನು ಸಂತೆಬಾಚಹಳ್ಳಿಯಿಂದ ಬರುತ್ತಿದ್ದೆ, ನಮ್ಮ ಮನೆ ಪೇಟೆಯಲ್ಲೇ. ಹುಡುಗಿಯರಿಗೂ ಸೈಕಲ್ ಸ್ಪರ್ಧೆ ಇಡುತ್ತಾರೆ ಎಂದು ತಿಳಿದದ್ದೇ ತಡ, ನಮಗಿಬ್ಬರಿಗೂ ಹುಚ್ಚು ಹಿಡಿಯಿತು. ನಮ್ಮಪ್ಪನಿಗೆ ಗದ್ದೆ, ಹಸು, ಹಾಲಿನ ವ್ಯವಹಾರ ಎಲ್ಲ ಇತ್ತು. ಬಗ್ಗಿದ ಹ್ಯಾಂಡಲ್ಲಿನ, ಒಂದೇ ಕೈಯಲ್ಲಿ ಎತ್ತಬಹುದಾದ ರೇಸ್ ಸೈಕಲ್ಲನ್ನು ಬೆಂಗಳೂರಿನಿಂದ ತರಿಸಿಕೊಟ್ಟರು. ನಿನಗೆ ಸೈಕಲ್ಲು ಕೊಟ್ಟದ್ದು ನಿನ್ನ ಅವ್ವನ ತಮ್ಮ, ಪಾಂಡವಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಪುಟ್ಟಸ್ವಾಮಿ ಮಾವ.

ಮಾವ ಆಗಷ್ಟೇ ಅಗ್ಗದ ರೇಸ್ ಸೈಕಲ್ಲು ಮಾರಲು ಶುರು ಮಾಡಿದ್ದರು. ಬಿಡಿಭಾಗಗಳು ಉತ್ತರದ ಕಡೆಯಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಜೋಡಿಸುವವರು ಅವರೇ. ನನ್ನ ಒಂದು ಸೈಕಲ್ಲಿನ ಬೆಲೆಗೆ ಅಂಥವು ಮೂರು ಬರುತ್ತಿದ್ದವೇನೋ. ಜನಕ್ಕೆ ನಂಬಿಕೆ ಇರಲಿಲ್ಲ. “ಗೇರಿರೋ ಸೈಕಲ್ಲ ಇಷ್ಟು ಕಮ್ಮಿಗೆ ಕೊಡ್ತಾವ್ನೆ ಅಂದ್ರೆ ಎಲ್ಲೋ ಐಬಿರ್ಬೇಕು ಕಣ್ಲಾ” ಎಂದು ಅಂಗಡಿಯ ಮುಂದೆಯೇ ನಿಂತು ಆಡಿಕೊಳ್ಳುತ್ತಿದ್ದರು. ಮಾವನಿಗೆ ಕೋಪ ಬರುತ್ತಿರಲಿಲ್ಲ. “ನಮ್ಮ ಭಾಗ್ಯ ರೇಸಲ್ಲಿ ಓಡುಸ್ತಾಳೆ, ಆಮೇಲೆ ಮಾತಾಡನ ಬನ್ನಿ” ಎಂದು ನಗುತ್ತಿದ್ದರು.

ಆ ಸೈಕಲ್ಲು ಹೇಗಿತ್ತು ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನನ್ನ ಬಾಯಿಂದ ಬರಬೇಕು. ಅದು ಭಾರ ಇತ್ತು. ಗೇರು ಬದಲಿಸಿದರೆ ಕಟಕಟ ಎನ್ನುತ್ತಿತ್ತು. ಬಣ್ಣ ಬೇಗ ಎದ್ದಿತು. ಸೀಟು ಕಲ್ಲಿನಂತಿತ್ತು—ಮಾವ ಅದಕ್ಕೆ ಸ್ಪಂಜು ಇಡಿಸಿ ಹೊಲಿಸಿಕೊಟ್ಟರು. ಆದರೆ ಚೌಕಟ್ಟು ನೆಟ್ಟಗಿತ್ತು. ಚಕ್ರ ತಿರುಗಿಸಿ ಬಿಟ್ಟರೆ ಒಂದಿಷ್ಟೂ ಓಲಾಡದೆ ತಿರುಗುತ್ತಿತ್ತು. ಬ್ರೇಕು ಹಿಡಿದರೆ ಹಿಡಿದ ಕಡೆ ನಿಲ್ಲುತ್ತಿತ್ತು. ಒಂದು ಸಂಜೆ ನಾವು ಸೈಕಲ್ಲು ಬದಲಾಯಿಸಿಕೊಂಡು ಓಡಿಸಿದೆವಲ್ಲ—ಆ ಸಂಜೆಯೇ ನನಗೆ ತಿಳಿದುಹೋಯಿತು. ನಮ್ಮಪ್ಪ ಹೆಚ್ಚಿಗೆ ಕೊಟ್ಟ ಹಣಕ್ಕೆ ಬಂದದ್ದು ಹಗುರ, ಮತ್ತೆ ಹೊಳಪು. ರಸ್ತೆಯ ಮೇಲೆ ಬೇಕಾದದ್ದೆಲ್ಲ ನಿನ್ನದರಲ್ಲೂ ಇತ್ತು. ನಾನು ಮಾತ್ರ ಇಳಿದವಳೇ “ಏನು ಗಾಡಿನೇ ಇದು, ಎತ್ತಿನ ಗಾಡಿ ಇದ್ದಂಗೈತೆ” ಎಂದೆ. ನೀನೂ ನಕ್ಕೆ.

ಅಭ್ಯಾಸದಲ್ಲಿ ಏರು ಬಂದಾಗಲೆಲ್ಲ ನೀನು ನನ್ನನ್ನು ಹಿಂದೆ ಬಿಟ್ಟು ಹೋಗುತ್ತಿದ್ದೆ. ಒಮ್ಮೆ ನಮ್ಮಪ್ಪ ಸ್ಕೂಟರಿನಲ್ಲಿ ಎದುರಿಗೆ ಬಂದರು. ನಿನ್ನನ್ನು ನೋಡಿದರು, ಎಷ್ಟೋ ದೂರದ ಹಿಂದೆ ನನ್ನನ್ನು ನೋಡಿದರು. ಮನೆಗೆ ಬಂದ ಮೇಲೆ ಅವ್ವನ ಮುಂದೆ, ಆಳುಗಳ ಮುಂದೆ ಕೇಳಿದರು: “ಅಷ್ಟು ಕಾಸು ಸುರ್ದು ತಂದ್ಕೊಟ್ಟಿವ್ನಿ. ಆ ಡಬ್ಬ ಸೈಕಲ್ ಹಿಂದೆ ಬತ್ತಾ ಇದ್ದೀಯಲ್ಲವ್ವ?” ಅಂದಿನಿಂದ ನಿನ್ನ ಬೆನ್ನನ್ನು ನೋಡುತ್ತಾ ಸೈಕಲ್ಲು ತುಳಿಯುವುದು ನನಗೆ ಆಗುತ್ತಿರಲಿಲ್ಲ. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಹಾಗಿತ್ತು, ಅಷ್ಟೆ.

ಸ್ಪರ್ಧೆ ನಾಗಮಂಗಲದಿಂದ ಜಕ್ಕನಹಳ್ಳಿ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ. ಬಸ್ಸಿನ ಮೇಲೆ ಕಟ್ಟಲು ಅನುಕೂಲವಾಗಲೆಂದು ಮುಂದಿನ ಚಕ್ರಗಳನ್ನು ಬಿಚ್ಚಿದ್ದೆವು. ನಾಗಮಂಗಲದಲ್ಲಿ ಇಳಿದಾಗ ಹೆಸರು ಬರೆಸುವ ಕಡೆ ನೂಕುನುಗ್ಗಲು. “ನಾನು ಇಬ್ಬರ ನಂಬರ್ ಬಟ್ಟೆನೂ ಈಸ್ಕಂಡು ಬತ್ತೀನಿ, ಚಕ್ರ ನೀನೇ ಹಾಕ್ಬುಡೇ” ಎಂದು ಹೇಳಿ ನೀನು ಓಡಿದೆ.

ನನ್ನದನ್ನು ಹಾಕಿದೆ. ನಿನ್ನದರ ಒಂದು ಕಡೆಯ ನಟ್ಟನ್ನು ಸ್ಪ್ಯಾನರಿನಿಂದ ಬಿಗಿದೆ. ಇನ್ನೊಂದು ಕಡೆಯದನ್ನು ಬೆರಳಲ್ಲಿ ತಿರುಗಿಸುತ್ತಿದ್ದೆ, ಮೈಕಿನಲ್ಲಿ ನಮ್ಮ ಕಾಲೇಜಿನ ಹೆಸರು ಕೂಗಿದರು. ಯಾರೋ ಸ್ಪ್ಯಾನರ್ ಕೇಳಿದರು, ಕೊಟ್ಟೆ. ಎದ್ದು ಹೋದೆ. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎನ್ನುತ್ತೇನೆ. ಅಲ್ಲಿಯವರೆಗೆ ಮಾತ್ರ.

ಜಕ್ಕನಹಳ್ಳಿ ದಾಟುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ಮುಂದೆ ನೀನು, ನಿನ್ನ ಹಿಂದೆ ನಾನು. ಬಿಸಿಲು ಏರಿತ್ತು. ರಸ್ತೆಯ ಎರಡೂ ಕಡೆ ಕಬ್ಬು. ಕುಂತಿಬೆಟ್ಟದ ಬಂಡೆಗಳು ಕಾಣಿಸತೊಡಗಿದಾಗ ನಿನ್ನ ಮುಂದಿನ ಚಕ್ರದಿಂದ ಒಂದು ಸಣ್ಣ ಸದ್ದು ಕೇಳಿಸಿತು. ರಬ್ಬರು ಉಜ್ಜುವ ಸದ್ದು. ಬಗ್ಗಿ ನೋಡಿದೆ. ಚಕ್ರ ಒಂದು ಕಡೆಗೆ ವಾಲಿತ್ತು.

ಆಗ ನೆನಪಾಯಿತು. ಬೆರಳುಗಳಿಗೇ ನೆನಪಾದ ಹಾಗೆ. ಅರ್ಧ ತಿರುಗಿಸಿ ಬಿಟ್ಟ ಆ ನಟ್ಟು. “ಭಾಗ್ಯ, ನಿಲ್ಲೇ” ಎಂಬ ಮಾತು ಗಂಟಲವರೆಗೆ ಬಂತು—

ನಿಂತರೆ ನೀನು ಕೇಳುತ್ತೀಯ, ಯಾಕೆ ಬಿಗಿ ಮಾಡಲಿಲ್ಲ ಎಂದು. ಒಬ್ಬಳೇ ಮುಂದೆ ಹೋದರೆ ನಾನು ಗೆಲ್ಲುತ್ತೇನೆ. ಉಜ್ಜುವ ಚಕ್ರದಿಂದ ನೀನೇ ನಿಧಾನವಾಗುತ್ತೀಯ, ಹೇಗೂ ಒಂದು ಕಡೆ ಬಿಗಿ ಇದೆ, ಏನಾಗುವುದಿಲ್ಲ. ಮುಂದಿನ ತಿರುವಿನಲ್ಲಿ ಹೇಳೋಣ. ಇಷ್ಟನ್ನೂ ಯೋಚಿಸಿದೆ, ಭಾಗ್ಯ. ಯೋಚಿಸಲು ಸಮಯವಿತ್ತು. ತಿರುವು ಬಂತು. ನಾನು ಸುಮ್ಮನಿದ್ದೆ. ಇನ್ನೊಂದು ತಿರುವು ಬಂತು. ಅದರಾಚೆ ಇಳಿಜಾರು.

ಇಳಿಜಾರಿನಲ್ಲಿ ಕಬ್ಬಿನ ಗಾಡಿಯೊಂದು ಹೋಗುತ್ತಿತ್ತು. ನೀನು ಅದನ್ನು ಬಳಸಲು ಪಕ್ಕಕ್ಕೆ ಸರಿದೆ. ಗುಂಡಿಯೊಂದರ ಮೇಲೆ ಸೈಕಲ್ಲು ಎಗರಿತು. ಚಕ್ರ ಕಳಚಿ ಮುಂದೆ ಹೋಯಿತು, ನೀನು ಮುಖ ಅಡಿಯಾಗಿ ಬಿದ್ದೆ. ಗಾಡಿಯವನು “ಅಯ್ಯೋ ಕೂಸೇ!” ಎಂದು ನೊಗ ಹಿಡಿದು ಎತ್ತುಗಳನ್ನು ನಿಲ್ಲಿಸಿದ. ನಾನು ಅಷ್ಟರಲ್ಲಿ ನಿನ್ನನ್ನು ದಾಟಿ ಹೋಗಿದ್ದೆ. ನಿಂತೆ. ತಿರುಗಿ ಓಡಿ ಬಂದೆ. ನಿನ್ನ ತುಟಿ ಸೀಳಿತ್ತು, ಮೊಳಕೈ ಯಾವ ಕಡೆಗೆ ಬಾಗಬಾರದೋ ಆ ಕಡೆಗೆ ಬಾಗಿತ್ತು.

ಗಾಡಿಯವನು ನಿನ್ನನ್ನು ಎತ್ತಿ ನೆರಳಿಗೆ ಒಯ್ಯುವಾಗ ರಸ್ತೆಯ ಮೇಲೆ ಆ ನಟ್ಟು ಕಂಡಿತು. ಎತ್ತಿಕೊಂಡೆ. ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆ ಕಬ್ಬಿನ ಗದ್ದೆಯೊಳಕ್ಕೆ ಎಸೆದೆ. ನಿನ್ನ ನರಳಾಟ ಕಿವಿಗೆ ಬೀಳುತ್ತಿರುವಾಗಲೇ ನಾನು ಮಾಡಿದ ಮೊದಲ ಕೆಲಸ ಅದು.

ಹಿಂದೆ ಬಂದ ಹುಡುಗಿಯರು ನಮ್ಮನ್ನು ದಾಟಿ ಹೋದರು. ಅದೇ ದೊಡ್ಡ ಸುದ್ದಿಯಾಯಿತು. ಗೆಲ್ಲುವ ಸ್ಪರ್ಧೆಯನ್ನು ಬಿಟ್ಟು ಗೆಳತಿಗಾಗಿ ನಿಂತವಳು! ಕಾಲೇಜಿನಲ್ಲಿ ವೇದಿಕೆ ಹತ್ತಿಸಿ ಹಾರ ಹಾಕಿದರು. ನಮ್ಮಪ್ಪ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನಾನು ಆ ಹಾರಕ್ಕೆ ಕತ್ತು ಬಗ್ಗಿಸಿದೆ.

ಬಿದ್ದ ದಿನ ಪಾಂಡವಪುರದ ಆಸ್ಪತ್ರೆಯಲ್ಲಿ ನಡೆದದ್ದು ನಿನಗೆ ನೆನಪಿರಬೇಕು. ನಿನ್ನ ಕೈಗೆ ಪಟ್ಟಿ ಕಟ್ಟಿದ್ದರು. ಮಾವ ಅಂಗಡಿಯ ಎಣ್ಣೆ ಕೈಯಲ್ಲೇ ಓಡಿ ಬಂದಿದ್ದರು. ಚಕ್ರವನ್ನೂ ಅದು ಕೂರುವ ಫೋರ್ಕನ್ನೂ ನೋಡಿಕೊಂಡೇ ಬಂದಿದ್ದರು. ಮೆಲ್ಲಗೆ ಕೇಳಿದರು: “ಚಕ್ರ ಹಾಕಿದ್ದು ಯಾರವ್ವ?”

ನನ್ನ ಹೆಸರು ಹೇಳಿದವಳು ನೀನೇ. ಸೀಳಿದ ತುಟಿಯಲ್ಲೇ ನನ್ನ ಕಡೆ ತಿರುಗಿ ಕೇಳಿದೆ: “ಬಿಗಿ ಮಾಡಿದ್ದೆ ಅಲ್ವೇನೇ?”

“ಮಾಡಿದ್ದೆ ಕಣೇ. ಸ್ಪ್ಯಾನರಲ್ಲೇ ಬಿಗಿ ಮಾಡಿದ್ದೆ. ಸೈಕಲ್ಲೇ ಸರಿ ಇಲ್ಲ.”

ಈ ಮಾತಿಗೆ ಎಷ್ಟು ಬೇಗ ಬಾಯಿ ಬಂತು ನೋಡು. ರಸ್ತೆಯಲ್ಲಿ ಬಾರದ ಬಾಯಿ.

ಮಾವ ತಲೆ ಆಡಿಸಿದರು. “ಬಿಗಿ ಮಾಡಿರೋ ನಟ್ಟು ತಾನಾಗೇ ಬಿಚ್ಕಳ್ಳಲ್ಲ ಕಣವ್ವ...”

ನೀನು ಅಲ್ಲಿಗೇ ತಡೆದೆ. “ಅಂಗಾದ್ರೆ ಇವ್ಳು ಸುಳ್ಳು ಏಳ್ತಾವ್ಳಾ ಮಾವ? ನನಗೋಸ್ಕರ ರೇಸ್ ಬುಟ್ಟು ನಿಂತವ್ಳು ಇವ್ಳು! ನಿನ್ನ ಅಂಗ್ಡಿ ಎಸ್ರು ಉಳ್ಸ್ಕಳ್ಳಕ್ಕೆ ಇವ್ಳ ಮೇಲೆ ಹಾಕ್ತೀಯಾ?”

ಮಾವ ನನ್ನನ್ನು ನೋಡಿದರು. ನಾನು ನಿನ್ನ ತಲೆ ನೇವರಿಸುತ್ತಾ ಕೂತಿದ್ದೆ. ಅವರು ಹೊರಗೆ ಹೋದರು.

ಮೂಳೆ ಕೂಡಿತು, ಕೈ ಮಾತ್ರ ಪೂರ್ತಿ ಚಾಚಲು ಬರಲಿಲ್ಲ. ದೈಹಿಕ ಶಿಕ್ಷಕಿಯಾಗುವ ನಿನ್ನ ಆಸೆ ಅಲ್ಲಿಗೇ ನಿಂತಿತು. ಮಾವ ಎಷ್ಟೋ ದಿನ ಆ ಇಳಿಜಾರಿನಲ್ಲಿ ಬಗ್ಗಿಕೊಂಡು ನಟ್ಟು ಹುಡುಕಿದರಂತೆ. ಗದ್ದೆಗೆ ಹೋಗುವವರು “ಏನ್ ಪುಟ್ಟಸ್ವಾಮಣ್ಣ, ಚಿನ್ನ ಕಳ್ಕಂಡ್ಯಾ?” ಎಂದು ನಗುತ್ತಿದ್ದರಂತೆ. ಕೊಂಡವರು ಸೈಕಲ್ಲುಗಳನ್ನು ತಂದು ಅಂಗಡಿ ಮುಂದೆ ಬಿಸಾಡಿದರು. ಮಾವ ರೇಸ್ ಸೈಕಲ್ಲು ಮಾರುವುದನ್ನೇ ನಿಲ್ಲಿಸಿದರು. ಕೊನೆಗೆ ಅಂಗಡಿ ಮುಚ್ಚಿ ಪಂಕ್ಚರ್ ಹಾಕುವ ಕೆಲಸಕ್ಕೆ ಕೂತರು.

ನಿನ್ನ ಮದುವೆಯಲ್ಲಿ ಸೋದರಮಾವ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಿತ್ತು. ನೀನು ಬೇಡವೆಂದೆ. ಅವರು ಹೊಸ ಪಂಚೆ ಉಟ್ಟುಕೊಂಡು ಛತ್ರದ ಬಾಗಿಲಲ್ಲಿ ನಿಂತಿದ್ದು, ಊಟ ಮಾಡದೆ ಹೊರಟುಹೋದರು. ಮಂಟಪದವರೆಗೆ ನಿನ್ನ ಪಕ್ಕದಲ್ಲಿ ನಡೆದವಳು ನಾನು.

ನೀನು ನಾಗಮಂಗಲ ಸೇರಿದೆ, ನಾನು ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದೆ. ನಮ್ಮ ಗೆಳೆತನ ಗಟ್ಟಿಯಾಗುತ್ತಲೇ ಹೋಯಿತು. ನಾನು ಸ್ಪರ್ಧೆ ಬಿಟ್ಟು ನಿಂತ ಕಥೆಯನ್ನು ನೀನು ಯಾರಿಗೆಲ್ಲ ಹೇಳಲಿಲ್ಲ! ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೆ. ಪ್ರತಿ ಸಲವೂ...

ಹೋದ ತಿಂಗಳು ನಿನ್ನ ಮಗಳ ಲಗ್ನಪತ್ರಿಕೆಯನ್ನು ಅರಿಶಿನ ಹಚ್ಚಿ ಮೊದಲು ನನಗೇ ತಂದುಕೊಟ್ಟೆ. ಪಾಂಡವಪುರಕ್ಕೂ ಹೋಗಿ ಕೊಡುತ್ತೀಯಾ ಎಂದು ನಾನು ಕೇಳಿದೆ. “ಆ ಮನೆ ಸುದ್ದಿ ಎತ್ಬೇಡ ಕಣೇ” ಎಂದೆ ನೀನು. ಅಂದು ನನಗೆ ಅನ್ನ ಇಳಿಯಲಿಲ್ಲ.

ನಿನ್ನೆ ನಾನೇ ಪಾಂಡವಪುರಕ್ಕೆ ಹೋದೆ. ಮಾವ ಮನೆಯ ಮುಂದಿನ ಜಗಲಿಯ ಮೇಲೆ ಕೂತಿದ್ದರು. ಗುರುತು ಹಿಡಿದರು. ಹೇಳಲು ಶುರು ಮಾಡಿದೆ. ಅವರಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. “ಏನವ್ವಾ? ಗಟ್ಟಿಯಾಗಿ ಏಳು” ಎಂದು ಕಿವಿಗೆ ಕೈ ಕೊಟ್ಟರು. ಇಷ್ಟು ವರ್ಷ ಪಿಸುಮಾತಿನಲ್ಲಿಯೂ ಹೇಳದ್ದನ್ನು ನಾನು ಬೀದಿಯಲ್ಲಿ ಕೂಗಿ ಹೇಳಬೇಕಾಯಿತು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ನಟ್ಟನ್ನು ಬಿಗಿ ಮಾಡಲಿಲ್ಲ ಮಾವ. ವಾಲಿದ್ದು ನೋಡಿದೆ, ಹೇಳಲಿಲ್ಲ. ನಟ್ಟನ್ನು ಗದ್ದೆಗೆ ಎಸೆದವಳು ನಾನೇ.

ಅವರಿಗೆ ಮೊದಲೇ ಗೊತ್ತಿರಬಹುದು ಎಂದು ನಾನು ಅಂದುಕೊಂಡಿದ್ದೆ. ಗೊತ್ತಿದ್ದೂ ಸುಮ್ಮನಿದ್ದಾರೆ ಎಂದು ನಂಬಿಕೊಂಡು ಎಷ್ಟೋ ರಾತ್ರಿ ನಿದ್ದೆ ಮಾಡಿದ್ದೆ. ಗೊತ್ತಿರಲಿಲ್ಲ, ಭಾಗ್ಯ. ಮೊದಮೊದಲು ಅನುಮಾನಪಟ್ಟಿದ್ದರೂ, ನೀನೇ ನಂಬದ ಮೇಲೆ ಅವರಿಗೆ ತಮ್ಮ ಕೈಯ ಮೇಲೆಯೇ ನಂಬಿಕೆ ಹೋಗಿತ್ತು. ತಾನು ಕೊಟ್ಟ ಸೈಕಲ್ಲಿನಿಂದಲೇ ಅಕ್ಕನ ಮಗಳ ಕೈ ಹೋಯಿತು ಎಂದುಕೊಂಡೇ ಅವರು ಮುದುಕರಾಗಿದ್ದರು.

ಬೈಯಲಿ ಎಂದು ಕಾದೆ. ಕೊನೆಗೆ ಒಂದೇ ಮಾತು ಕೇಳಿದರು.

“ಅಂಗಾದ್ರೆ ಸೈಕಲ್ಲು ಚೆನ್ನಾಗಿತ್ತಾ?”

“ಚೆನ್ನಾಗಿತ್ತು ಮಾವ. ತುಂಬಾ ಚೆನ್ನಾಗಿತ್ತು.”

ಅವರು ಟವಲಿನಿಂದ ಮುಖ ಮುಚ್ಚಿಕೊಂಡರು. ನನಗೆ ಕೂತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಈಗ ನಿನಗೆ ಹೇಳಿದ್ದೇನೆ. ಕ್ಷಮಿಸು ಎನ್ನುವ ಮಾತನ್ನು ಬರೆದು ಹೊಡೆದುಹಾಕಿದೆ. ಅದನ್ನು ಕೇಳಲು ನನಗೆ ಮುಖವಿಲ್ಲ. ಮದುವೆಗೆ ನಾನು ಬರುವುದಿಲ್ಲ. ನೀನಾಗಿ ಕರೆದರೆ ಮಾತ್ರ ನಿನ್ನ ಮನೆ ಬಾಗಿಲಿಗೆ ಬರುತ್ತೇನೆ. ಯಾರ ಮುಂದೆ ಹೇಳೆಂದರೂ ಹೇಳುತ್ತೇನೆ. ಅದಕ್ಕೂ ಮೊದಲು ನೀನು ಪಾಂಡವಪುರಕ್ಕೆ ಹೋಗು. ಒಬ್ಬಳೇ ಹೋಗು. ಮಾವನ ಎಡಗಿವಿ ಪೂರ್ತಿ ಹೋಗಿದೆ, ಬಲಗಡೆಗೆ ಕೂತುಕೋ. ಗಟ್ಟಿಯಾಗಿ ಮಾತಾಡು.