ಹುಕ್ಕೇರಿಯಲ್ಲೊಂದು ಮನೆ

ಮಾಲಿಂಗಪ್ಪ ಗೋಕಾಕದ ಬಸ್ ಡ್ರೈವರ್. ಒಂದು ದಿನ ಮೂಡಲಗಿ, ಒಂದು ದಿನ ಹುಕ್ಕೇರಿ. ರೂಟು ಯಾವುದಾದರೇನು, ತಿನ್ನುವ ಧೂಳು ಅದೇ. ಕೌಜಲಗಿಯ ಅವನ ಹಿರಿಯರು ಕುರಿ ಹಿಂಡಿನ ಹಿಂದೆ ತಿರುಗಿದವರು, ಇಂದು ಒಬ್ಬರ ಹೊಲದಲ್ಲಿ ವಸ್ತಿ, ನಾಳೆ ಇನ್ನೊಬ್ಬರ ಹೊಲದಲ್ಲಿ. ಇವನಾದರೂ ಒಂದು ಕಡೆ ನಿಂತನೇ? ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತು ಹೊತ್ತು ಹೆಂಡತಿ ಶೆಟ್ಟೆವ್ವನಿಗೆ ಸಾಕುಬೇಕಾಗಿತ್ತು. ಮನೆದೇವರು ಇನ್ನೂ ತಗಡಿನ ಟ್ರಂಕಿನಲ್ಲೇ ಇದ್ದ. ಸ್ವಂತ ಮನೆಯಾದ ದಿನ ಪೂಜೆಗೊಂದು ಜಗಲಿ ಕಟ್ಟಿಸಿ ಅದರ ಮೇಲೆ ಕೂಡಿಸುತ್ತೇನೆಂದು ಅವಳು ಆ ದೇವರಿಗೇ ಹರಕೆ ಹೊತ್ತಿದ್ದಳು.

ಬಸ್ ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮೇಲೆ, ಗಜಾನನ ಎಂಬವನು ನೌಕರರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುತ್ತಿದ್ದ. ಪಗಾರದಲ್ಲಿ ಹಿಡಿದ ತೆರಿಗೆಯನ್ನೆಲ್ಲ ವಾಪಸ್ ತರಿಸುತ್ತೇನೆ, ಬಂದದ್ದರಲ್ಲಿ ರೂಪಾಯಿಗೆ ನಾಲ್ಕಾಣೆ ನನಗೆ ಎನ್ನುತ್ತಿದ್ದ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ನಾವು; ಡ್ರೈವರು, ಕಂಡಕ್ಟರು ಸಾಲುಹಿಡಿದು ಅವನ ಮೆಟ್ಟಿಲು ಹತ್ತಿದರು. ಏನು ಬರೆದೆ ಎಂದು ಯಾರಾದರೂ ಕೇಳಿದರೇ? ಇಲ್ಲ. ಮಾಲಿಂಗಪ್ಪನೂ ಫೋನಿಗೆ ಬಂದ ಓಟಿಪಿ ಓದಿ ಹೇಳಿ ಡ್ಯೂಟಿಗೆ ಹೋದ. ಹೀಗೆ ಮೂರು ವರ್ಷ ದುಡ್ಡು ಬಂತು. ಶೆಟ್ಟೆವ್ವ ಅದರಲ್ಲಿ ಒಂದು ಸೀರೆಯನ್ನೂ ಕೊಳ್ಳಲಿಲ್ಲ. ಅದಕ್ಕೆ ತನ್ನ ಉಳಿತಾಯವನ್ನೂ ಕೂಡಿಸಿ ಅಂಕಲಗಿ ರಸ್ತೆಯಲ್ಲಿ ಒಂದು ಸೈಟಿಗೆ ಮುಂಗಡ ಕೊಡಿಸಿ, ರಸೀದಿಯನ್ನು ದೇವರ ಟ್ರಂಕಿನಲ್ಲಿಟ್ಟಳು.

ಆಮೇಲೆ ಬಂತು ತೆರಿಗೆ ಇಲಾಖೆಯ ನೋಟಿಸು. ಓಡಿಹೋಗಿ ನೋಡಿದರೆ ಗಜಾನನನ ಬಾಗಿಲಿಗೆ ಬೀಗ, ಫೋನು ಬಂದ್. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ! ಒಬ್ಬರು ಬೆಳಗಾವಿಯ ಟ್ಯಾಕ್ಸ್ ಆಫೀಸಿಗೆ ಹೋಗು ಎಂದರು. ಅಲ್ಲಿ ಹೋದರೆ ಎಲ್ಲ ಆನ್‌ಲೈನ್, ಇಲ್ಲೇಕೆ ಬಂದೆ ಎಂದರು. ರಜೆ ಮುಗಿದವು, ಚಪ್ಪಲಿ ಸವೆದವು. ಕೊನೆಗೆ ಗೋಕಾಕದ ಕೋರ್ಟಿನ ಹಿಂದಿನ ಓಣಿಯಲ್ಲಿ ಟ್ಯಾಕ್ಸ್ ವಕೀಲೆ ನಾಗರತ್ನಾ ಅವನ ಹಳೆಯ ರಿಟರ್ನುಗಳನ್ನು ಕಂಪ್ಯೂಟರಿನಲ್ಲಿ ತೆರೆದಳು.

“ಕಾಕಾ, ಹುಕ್ಕೇರ್ಯಾಗ ಮನಿ ಯಾವಾಗ ಕಟ್ಟಿಸಿದ್ರಿ?”

ಬೇರೆ ಯಾರದೋ ಕಾಗದ ತೆಗೆದಿದ್ದಾಳೆ ಎಂದುಕೊಂಡ ಅವನು. ಹುಕ್ಕೇರಿಯಲ್ಲಿ ಅವನು ಮಲಗಿದ್ದೆಂದರೆ ನೈಟ್ ಹಾಲ್ಟಿನ ದಿನ, ಬಸ್ಸಿನ ಸೀಟಿನ ಮೇಲೆ. ಆದರೆ ಕಾಗದದಲ್ಲಿ ಅವನಿಗೆ ಅಲ್ಲೊಂದು ಮನೆಯಿತ್ತು, ಮನೆಗೆ ಬ್ಯಾಂಕಿನ ಸಾಲವಿತ್ತು, ವರ್ಷಕ್ಕೆ ಎರಡು ಲಕ್ಷ ಬಡ್ಡಿ ಕಟ್ಟುತ್ತಿದ್ದ. ಗಜಾನನ ತೆರಿಗೆ ವಾಪಸ್ ತರಿಸಿದ್ದೇ ಆ ಸುಳ್ಳು ಬಡ್ಡಿ ತೋರಿಸಿ.

“ನಾ ಬಾಡಿಗಿ ಮನ್ಯಾಗ ಇರಾಂವ ರೀ.”

“ಗೊತ್ತಾತ್ರಿ. ಆದ್ರ ಓಟಿಪಿ ಕೊಟ್ಟಾವ್ರು ನೀವು. ಸರ್ಕಾರ ನಿಮ್ಮನ್ನ ಕೇಳತೈತಿ.”

ಗಜಾನನನ ಮೇಲೆ ಪೊಲೀಸರಿಗೆ ದೂರು ಕೊಡಬಹುದು, ಆದರೆ ಅದು ಮುಗಿಯುವತನಕ ಬಾಕಿ ಕಾಯುವುದಿಲ್ಲ, ಬಡ್ಡಿ ಬೆಳೆಯುತ್ತದೆ ಎಂದಳು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ. ಸೈಟಿಗೆ ಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ.

ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ಎಲ್ಲವನ್ನೂ ಹೇಳಿದ. ಶೆಟ್ಟೆವ್ವ ಗಜಾನನನ ಹಿಂದುಮುಂದಿನ ತಲೆಮಾರುಗಳನ್ನೆಲ್ಲ ಬೈದಳು, ನೀ ಯಾಕೆ ಕೇಳಲಿಲ್ಲ ಎಂದು ಗಂಡನನ್ನೂ ಬಿಡಲಿಲ್ಲ. ಬೈದು ಬೈದು ಸೋತಳು. ಆಮೇಲೆ ಟ್ರಂಕು ತೆರೆದು, ದೇವರನ್ನು ಹೊರಗೆ ಮಣೆಯ ಮೇಲಿಟ್ಟು, ಅಡಿಯಲ್ಲಿದ್ದ ರಸೀದಿಯನ್ನು ಗಂಡನ ಕೈಗೆ ಕೊಟ್ಟಳು. ಸೈಟಿನವನು ಸ್ವಲ್ಪ ಮುರಿದುಕೊಂಡೇ ವಾಪಸ್ ಕೊಡುತ್ತಾನೆ. ಕೊಡಲಿ, ಕೊಟ್ಟಷ್ಟು ತಂದು ಕಟ್ಟಿಬಿಡಿ ಎಂದಳು.

ಮಣೆಯ ಮೇಲಿನ ದೇವರನ್ನು ಸೆರಗಿನಿಂದ ಒರೆಸುತ್ತ ಅವಳು ಕೇಳಿದಳು:

“ಆ ಹುಕ್ಕೇರಿ ಮನ್ಯಾಗ ದೇವರಿಗೆ ಜಗಲಿ ಐತೇನ್ರಿ?”

ಮಾಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

“ಇರತೈತಿ ತಗೊ. ನಾ ಕಟ್ಟಿಸಿದ ಮನಿ, ನಿನ್ನ ಹರಕಿ ಮರೀತೇನೇನು?”

ನಗಲು ಹೋದ ಶೆಟ್ಟೆವ್ವ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು, ದೇವರನ್ನು ಎತ್ತಿ ಮತ್ತೆ ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು.