ಹೊಳೆಯ ದಾರಿಯನ್ನು ನನಗೆ ಬಿಡು ಎಂದಿದ್ದೆ

ಕತಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ಲೂ ನಿಂತುಬಿಡುತ್ತದೆ. ಮೊದಲ ದಿನ ಇದು ಸೈಕಲ್ಲಿನದೇ ದೋಷ ಎಂದುಕೊಂಡೆ. ಇಳಿದು, ಬ್ರೇಕ್ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಬಗ್ಗಿ ನೋಡಿದೆ. ನನ್ನನ್ನು ಕರೆದುಕೊಂಡು ಬಂದಿದ್ದ ಜೋಯ್, ದೋಹಾದ ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಫಿಲಿಪೀನ್ಸಿನ ಹೆಂಗಸು, ನಗು ತಡೆಯಲಾರದೆ, "ತಾನಾಗಿ ಹೋಗಲಿಕ್ಕೆ ಇಳಿಜಾರು ಎಲ್ಲಿದೆ?" ಎಂದಳು. ತಲೆಯೆತ್ತಿ ನೋಡಿದೆ. ನಾಲ್ಕೂ ಕಡೆ ಒಂದೇ ಮಟ್ಟದ ಬಿಳಿ ನೆಲ, ಜಲ್ಲಿ, ಮತ್ತೆ ಜಲ್ಲಿ.

ನಾನು ಚಾರ್ಮಾಡಿ ಗುಡ್ಡಗಳ ಬುಡದವಳು. ಹೈಸ್ಕೂಲಿಗೆ ಹೋಗುವಾಗ ಅರ್ಧ ದಾರಿ ಪೆಡಲಿನಿಂದ ಕಾಲು ಎತ್ತಿಕೊಂಡೇ ಇಳಿಯುತ್ತಿದ್ದೆ, ಬರುವಾಗ ಅಷ್ಟೇ ದೂರ ಸೈಕಲ್ ತಳ್ಳುತ್ತಿದ್ದೆ. ಏರು ಇಳಿತ ಇಲ್ಲದ ದಾರಿಯೂ ಇರಬಹುದು ಎಂದು ನನಗೆ ತೋಚಿರಲೇ ಇಲ್ಲ. ಇಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಉತ್ತರದಿಂದ ಬೀಸುವ ಅದಕ್ಕೆ ಶಮಾಲ್ ಎಂದು ಹೆಸರು. ಅದು ಎದುರಾದರೆ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ಮುಂದಿನವರ ಟಯರನ್ನೇ ನೋಡುತ್ತ ಹೋಗಬೇಕು. ಆರು ತಿಂಗಳು ನಾನು ಕತಾರಿನಲ್ಲಿ ಕಂಡದ್ದು ಜೋಯ್‌ಳ ಹಿಂದಿನ ಚಕ್ರವನ್ನು ಮಾತ್ರ.

ದೋಹಾದ ಅಂಚಿನ ಐನ್ ಖಾಲಿದಿನಲ್ಲಿ ನಮ್ಮದು ದೊಡ್ಡ ವಿಲ್ಲಾ ಒಂದಕ್ಕೆ ನಡುವೆ ಗೋಡೆ ಎಬ್ಬಿಸಿ ಮಾಡಿದ ಪಾಲು. ಗಂಡ, ನಾನು, ಇಬ್ಬರು ಮಕ್ಕಳು ಮಲಗಿದರೆ ಚಾಪೆ ಬಿಡಿಸಲೂ ಜಾಗವಿಲ್ಲ, ಇನ್ನು ಸೈಕಲ್ ಎಲ್ಲಿಡುವುದು? ಓಣಿಯಲ್ಲಿ ಇಟ್ಟರೆ ನಾತೂರ್ ಬರುತ್ತಿದ್ದ. ನಾತೂರ್ ಎಂದರೆ ಕಟ್ಟಡ ಕಾಯುವವನು. "ಭಾಭೀ, ಇಧರ್ ಸೈಕಲ್ ಮಾಫಿ!" ಮಾಫಿ ಎಂದರೆ ಇಲ್ಲ. ಇಲ್ಲಿಗೆ ಬಂದವರು ಮೊದಲು ಕಲಿಯುವ ಅರಬ್ಬಿ ಪದ ಅದೇ ಇರಬೇಕು, ಅಷ್ಟು ಸಲ ಕೇಳಿಸುತ್ತದೆ. ನಾನು ದಿನಾ ಬೈಸಿಕೊಂಡೆ, ದಿನಾ ಅಲ್ಲೇ ಇಟ್ಟೆ. ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಅವನೇ ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದ್ದ, ಧೂಳು ಕೂರದಿರಲಿ ಎಂದು. ಆ ದಿನ ಈ ದೇಶ ನನಗೂ ಸ್ವಲ್ಪ ಜಾಗ ಕೊಟ್ಟಿತು ಅನ್ನಿಸಿತು.

ಜೋಯ್ ಒಮ್ಮೆ ಕಾಡು ತೋರಿಸುತ್ತೇನೆಂದು ಕರೆದೊಯ್ದಳು. ಮಳೆ ಬಂದರೆ ನೀರು ನಿಲ್ಲುವ ತಗ್ಗು ನೆಲ, ಇಲ್ಲಿಯವರು ಅದನ್ನು ರೌದಾ ಎನ್ನುತ್ತಾರೆ. ಬೋರೆಯ ಜಾತಿಯ ನಾಲ್ಕಾರು ಮುಳ್ಳಿನ ಮರಗಳು, ಅವುಗಳ ಕೆಳಗೆ ಎರಡು ಕುಟುಂಬಗಳು ಚಾಪೆ ಹಾಸಿ ಊಟ ಮಾಡುತ್ತಿದ್ದವು. ಎಲ್ಲರೂ ಸೈಕಲ್ ನಿಲ್ಲಿಸಿ ಫೋಟೋ ತೆಗೆದರು. ನಾನೂ ತೆಗೆದೆ. ಅದನ್ನು ಊರಿಗೆ ಕಳಿಸಿದಾಗ ನನ್ನ ತಂಗಿ ವನಿತಾ, "ಎಂತ ಅಕ್ಕ, ನಮ್ಮ ಬಸ್‌ಸ್ಟ್ಯಾಂಡಿನ ಹಿಂದೆ ಇದಕ್ಕಿಂತ ಜಾಸ್ತಿ ಮರ ಉಂಟು" ಎಂದಳು. ನಿಜವೇ. ಆದರೂ ಕೋಪ ಬಂತು.

ಹೊಸ ಸೈಕಲ್ ತೆಗೆದುಕೊಂಡಾಗ ಹಳೆಯದನ್ನು ಕಾರ್ಗೋದಲ್ಲಿ ಊರಿಗೆ ಕಳಿಸಿದೆ. ಗಲ್ಫಿನವರ ಬುದ್ಧಿಯೇ ಇದು. ಒಳ್ಳೆಯ ಕಂಬಳಿ, ಒಳ್ಳೆಯ ಪಾತ್ರೆ, ಎಲ್ಲ ಊರಿಗೆ ಹೋಗಿ ಕಪಾಟಿನಲ್ಲಿ ನಮಗಾಗಿ ಕಾಯುತ್ತಿರುತ್ತವೆ. ರಜೆಯಲ್ಲಿ ಬೇಕಾಗುತ್ತದೆ ಎಂದು ಅಮ್ಮನಿಗೆ ಹೇಳಿದೆ. ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ ಸೈಕಲ್ ಅದು, ನಮ್ಮೂರಿನಲ್ಲಿ ಅಂಥ ದಾರಿಗಳಿಗೆ ಏನು ಬರ? ಆದರೆ ನಮ್ಮ ರಜೆ ಬರುವುದು ಜುಲೈ, ಆಗಸ್ಟಿನಲ್ಲಿ. ಮಕ್ಕಳ ಶಾಲೆ ಆಗಲೇ ಮುಚ್ಚುವುದು. ಡಿಸೆಂಬರಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಅಕೌಂಟ್ಸಿನವರಿಗೆ ರಜೆ ಎಂಬ ಮಾತೇ ಇಲ್ಲ. ಹಾಗಾಗಿ ನಾನು ಊರಿಗೆ ಹೋದಾಗಲೆಲ್ಲ ಹೊಳೆ ದಂಡೆ ಮೀರಿ ಹರಿಯುತ್ತಿರುತ್ತದೆ, ಗುಡ್ಡದ ದಾರಿ ಜಾರಿ ಕೂತಿರುತ್ತದೆ. ದಾರಿ ಒಣಗಿ, ಕಾಡು ತಂಪಾಗಿ, ಹೊಳೆ ತಿಳಿಯಾಗುವ ಹೊತ್ತಿಗೆ ನಾನು ಮತ್ತೆ ಜೋಯ್‌ಳ ಚಕ್ರದ ಹಿಂದೆ.

ಸೈಕಲ್ ಸುಮ್ಮನೆ ನಿಂತಿದೆಯಲ್ಲ ಎಂದು ವನಿತಾ ಹತ್ತಿದಳು. ಶಾಲೆಯಲ್ಲಿ ಪಾಠ ಮಾಡುವ, ಆದಿತ್ಯವಾರ ಒಂಬತ್ತರವರೆಗೆ ಮಲಗುವ ವನಿತಾ! ಶುರುವಿನಲ್ಲಿ ಫೋನಿನಲ್ಲಿ ಗೇರು ಹಾಕಲು ಹೇಳಿಕೊಟ್ಟವಳು ನಾನೇ. ಆಮೇಲೆ ಫೋಟೋಗಳು ಬರತೊಡಗಿದವು. ರಬ್ಬರ್ ತೋಟದ ನಡುವಿನ ಕೆಂಪು ದಾರಿ. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡ ಕಾಡಿನ ತಿರುವು. ಮಂಗಟ್ಟೆ ಹಕ್ಕಿ. ಜೊತೆಗೆ ಗೋಳು ಬೇರೆ: "ಎಂತ ಏರು ಮಾರಾಯ್ತಿ, ಸತ್ತೇ ಹೋದೆ." ಏರು ಸಿಕ್ಕಿತೆಂದು ಗೋಳಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸವಾರಿಯ ಏರಿಳಿತ ತೋರಿಸುವ ಆ್ಯಪ್ ಒಂದು ನಮ್ಮಿಬ್ಬರ ಫೋನಿನಲ್ಲೂ ಇದೆ. ಅದರಲ್ಲಿ ಅವಳ ಗೆರೆ ಗರಗಸದ ಹಲ್ಲಿನಂತೆ, ನನ್ನದು ಅಡುಗೆಮನೆಯ ಕಟ್ಟೆಯಂತೆ. ನಾನು 'ಸೂಪರ್' ಎಂದು ಬರೆದು ಫೋನನ್ನು ಸೋಫಾದ ಮೇಲೆ ಎಸೆಯುತ್ತಿದ್ದೆ.

ಒಂದು ದಾರಿಯನ್ನು ಮಾತ್ರ ನಾನು ಕೇಳಿಕೊಂಡಿದ್ದೆ. ಗುಡ್ಡದ ಆಚೆ ಬದಿಯಲ್ಲಿ ಕಾಡಿನೊಳಗೆ ಇಳಿದು, ಹೊಳೆಯ ಪಕ್ಕದಲ್ಲೇ ಬಹಳ ದೂರ ಹೋಗುವ ಮಣ್ಣಿನ ದಾರಿ. ದೋಹಾದಲ್ಲಿ ಕೂತು ಮ್ಯಾಪನ್ನು ದೊಡ್ಡದು ಮಾಡಿ, ಮರಗಳ ನಡುವೆ ಅದು ಎಲ್ಲಿ ಕಾಣಿಸುತ್ತದೆ, ಎಲ್ಲಿ ಮರೆಯಾಗುತ್ತದೆ ಎಂದು ಹುಡುಕಿದವಳು ನಾನು. "ಅದೊಂದನ್ನು ನನಗೆ ಬಿಡು, ಒಟ್ಟಿಗೆ ಹೋಗುವ" ಎಂದೆ. "ಆಯ್ತಕ್ಕ" ಎಂದಳು. ಎರಡು ಬೇಸಿಗೆ ಕಳೆದರೂ ಅವಳು ಆ ಕಡೆ ಚಕ್ರ ತಿರುಗಿಸಲಿಲ್ಲ.

ಈ ಫೆಬ್ರವರಿಯಲ್ಲಿ ಫೋನ್ ಬಂತು. "ಅಕ್ಕ, ಬೇಜಾರು ಮಾಡ್ಬೇಡ. ಆ ದಾರಿಗೆ ಕಾಂಕ್ರೀಟ್ ಹಾಕ್ತಾರಂತೆ. ಜೆಸಿಬಿ ಬಂದು ನಿಂತಿದೆ. ಮುಂದಿನ ವಾರ ಕೆಲಸ ಶುರು. ಈ ಆದಿತ್ಯವಾರ ನಾನೊಮ್ಮೆ ಹೋಗಿ ಬರ್ಲಾ?"

ಆ ದಾರಿಯಲ್ಲಿ ಮನೆಗಳಿವೆ, ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತು ತರುತ್ತಾರೆ, ಕಾಂಕ್ರೀಟ್ ಬೇಕೇ ಬೇಕು. ಇದೆಲ್ಲ ಗೊತ್ತಿದ್ದೂ ನನಗೆ ಮೊದಲು ಹೊಳೆದದ್ದು ಒಂದೇ: ಹಾಗಾದರೆ ಅದನ್ನು ಅವಳೂ ನೋಡುವುದು ಬೇಡ. ನನಗಿಲ್ಲದ್ದು ಯಾರಿಗೂ ಇಲ್ಲ, ಖಲಾಸ್. "ನೋಡುವ" ಎಂದು ಫೋನ್ ಇಟ್ಟೆ.

ಶುಕ್ರವಾರ ಶಮಾಲಿಗೆ ಎದುರಾಗಿ, ಯಾರ ಹಿಂದೆಯೂ ಅಡಗದೆ ತುಳಿದೆ. ಸ್ವಲ್ಪ ದೂರಕ್ಕೇ ಉಸಿರು ಕಟ್ಟಿತು. ಜೋಯ್ ಹಿಂದಿನಿಂದ ಬಂದು, "ಯಾರ ಮೇಲೆ ಸಿಟ್ಟು?" ಎಂದಳು. ನಾನು ಹೇಳಿದೆ. ಅವಳು ತನ್ನ ಬಾಟಲಿಯ ನೀರು ಕೊಟ್ಟು, "ಎರಡು ವರ್ಷ ನಿನಗಾಗಿ ಕಾದಳಲ್ಲ, ನನ್ನ ತಂಗಿ ಎರಡು ದಿನವೂ ಕಾಯುವವಳಲ್ಲ" ಎಂದಳು. ಅಲ್ಲೇ ನಿಂತು, ಮನಸ್ಸು ಬದಲಾಗುವ ಮೊದಲೇ ವನಿತಾಗೆ ಬರೆದೆ: ಹೋಗಿ ಬಾ.

ಆದಿತ್ಯವಾರ ಇಲ್ಲಿ ಕೆಲಸದ ದಿನ. ನಾನು ಎಸಿಯ ಕೆಳಗೆ ಇನ್‌ವಾಯ್ಸ್‌ಗಳ ಮುಂದೆ ಕೂತು ಮತ್ತೆ ಮತ್ತೆ ಫೋನ್ ನೋಡಿದೆ. ಫೋಟೋ ಬರಲಿಲ್ಲ. ಮಧ್ಯಾಹ್ನವೂ ಇಲ್ಲ. ಆ್ಯಪಿನಲ್ಲೂ ಅವಳ ಗೆರೆ ಇಲ್ಲ. ಬಿದ್ದಳೋ, ಆನೆ ಅಡ್ಡ ಬಂತೋ ಎಂದು ಹೆದರಿಕೆಯಾಯಿತು. ಮನೆಗೆ ಬಂದವಳೇ ವಿಡಿಯೋ ಕಾಲ್ ಮಾಡಿದೆ.

"ಹೋಗಿದ್ದೆ ಅಕ್ಕ. ಎಂತದೂ ಇಲ್ಲ ಅಲ್ಲಿ. ಬರೀ ಧೂಳು. ಹೊಳೆಯಲ್ಲಿ ನೀರೇ ಇಲ್ಲ. ನೀನು ಬರದಿದ್ದದ್ದೇ ಒಳ್ಳೆಯದಾಯ್ತು."

ಹಿಂದಿನಿಂದ ಅಮ್ಮನ ದನಿ ಬಂತು: "ನೀರಿಲ್ಲದೆ ತಲೆ ಹೇಗೆ ಒದ್ದೆಯಾಯ್ತು ಇವಳಿಗೆ? ಮಧ್ಯಾಹ್ನದಿಂದ ಹೊಳೆ, ಹೊಳೆ ಅಂತ ನನ್ನ ತಲೆ ತಿಂದದ್ದೇ ತಿಂದದ್ದು."

ವನಿತಾ ತಲೆ ತಗ್ಗಿಸಿದಳು.

ದೂರದವರಿಗೆ ಹೇಳುವ ಸುಳ್ಳು ಇದು, ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಸೆಕೆಯೇ ಇಲ್ಲ ಅಮ್ಮ, ಮನೆ ದೊಡ್ಡದಿದೆ, ಬೇಜಾರು ಎಂಬುದೇ ಇಲ್ಲ ಎಂದು ಇಷ್ಟು ವರ್ಷ ಈ ಕಡೆಯಿಂದ ಹೇಳಿದವಳು ನಾನೇ. ಆ ಕಡೆಯಿಂದ ನನಗೆ ಬಂದದ್ದು ಇದೇ ಮೊದಲು. ಮನೆಯವಳೆಂದು ನನ್ನೊಡನೆ ಜಗಳವಾಡುತ್ತಿದ್ದ, ನನ್ನ ಮರಗಳನ್ನು ನೋಡಿ ನಗುತ್ತಿದ್ದ ತಂಗಿ, ಈಗ ನನ್ನನ್ನು ನೋಯಿಸಬಾರದ ನೆಂಟರ ಸಾಲಿಗೆ ಸೇರಿಸಿದ್ದಳು. ಹೊಟ್ಟೆಕಿಚ್ಚಿಗಿಂತ ಇದು ಹೆಚ್ಚು ಸುಟ್ಟಿತು.

"ವನಿತಾ, ನಿಜ ಹೇಳು. ನನಗೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಒಂದನ್ನೂ ಬಿಡದೆ ಹೇಳು."

ಅವಳು ಕೂದಲನ್ನು ಹಿಂದಕ್ಕೆ ಹಾಕಿ, ಕಾಲು ಮಡಚಿ ಸರಿಯಾಗಿ ಕೂತಳು.

"ಮೊದಲ ತಿರುವು ಇಳಿದ ಕೂಡಲೇ ತಂಪು ಶುರು ಅಕ್ಕ," ಎಂದಳು, "ನಿನಗೆ ನಂಬಲಿಕ್ಕೇ ಆಗ್ಲಿಕ್ಕಿಲ್ಲ."